ಪೇಟೆ ಫೋಟೋದ ಖಾಲಿ ಜಾಗ

"ಟೈಲರಮ್ಮಾ... ಒಂದೇ ನಿಮಿಷ, ಅಲ್ಲಾಡಬೇಡಿ!"

ರಸ್ತೆಯ ಆಚೆ ಬದಿಯಿಂದ ಬಂದ ಕೂಗಿಗೆ ವರದಾಳ ಕಾಲು ಹೊಲಿಗೆ ಮಿಶನ್ನಿನ ಮೇಲೆ ತಟ್ಟನೆ ನಿಂತಿತು. ತಲೆ ಎತ್ತಿ ನೋಡಿದಳು. ಎತ್ತು ಬಿಚ್ಚಿದ ಗಾಡಿಯೊಂದರ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ, ಅದರ ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿಕೊಂಡ ಒಬ್ಬ ಮನುಷ್ಯ. ಕಾಣುತ್ತಿದ್ದದ್ದು ಅವನ ಎರಡು ಕಾಲು ಮತ್ತು ಮೊಣಕಾಲ ಹತ್ತಿರ ಹರಿದಿದ್ದ ಪ್ಯಾಂಟು ಮಾತ್ರ!

'ಮೊದಲು ಆ ಪ್ಯಾಂಟಿಗೆ ತೇಪೆ ಹಾಕಿಸಿಕೊಳ್ಳಲಿ, ಆಮೇಲೆ ನನಗೆ ಬುದ್ಧಿ ಹೇಳಲಿ!' ಎಂದುಕೊಂಡಳು ವರದಾ.

"ನಾನು ಅಲ್ಲಾಡದೆ ಕೂತ್ರೆ ಈ ರವಿಕೆ ಯಾರು ಹೊಲೀತಾರೆ? ನೀವು ಬಂದು ಹೊಲೀತೀರಾ?"

ಪಕ್ಕದ ಸೋಡಾ ಅಂಗಡಿಯ ಕನ್ನಪ್ಪ ಗಹಗಹಿಸಿ ನಕ್ಕ. ಕರಿ ಬಟ್ಟೆಯಿಂದ ಒಂದು ಮುಖ ಹೊರಗೆ ಬಂತು. ಕೆದರಿದ ಕೂದಲು, ಬೆವರಿದ ಹಣೆ, ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದ ಕಣ್ಣುಗಳು... ಆ ಕಣ್ಣುಗಳು ಅವಳ ಮೇಲೆ ನಿಂತವು, ನಿಂತೇ ಬಿಟ್ಟವು!

ಅದು ೧೯೬೬ನೇ ಇಸವಿ. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಮಳೆ ನಿಂತು ಹೊಳವಾಗಿದ್ದ ದಿನ. ಸಾಗರದ ಪೇಟೆ ಬೀದಿ ಕೇಳಬೇಕೆ? ಸೋಡಾ ಗೋಲಿಯ ಸದ್ದು, ತಾಮ್ರದ ಪಾತ್ರೆ ಅಂಗಡಿಯ ಕುಟ್ಟಾಟ, ಅಡಿಕೆ ಮಂಡಿಯ ಮುಂದೆ ಸಾಲು ಗಾಡಿಗಳು, ನಡುವೆ ಹಾರನ್ ಬಾರಿಸುತ್ತ ದಾರಿ ಬಿಡಿಸಿಕೊಳ್ಳುವ ಹೊಸನಗರದ ಬಸ್ಸು! ಈ ಬೀದಿಯ ಫೋಟೋ ಹಾಕಿ ಕ್ಯಾಲೆಂಡರ್ ಮಾಡಿಸಬೇಕೆಂದು ವರ್ತಕರೆಲ್ಲ ಸೇರಿ ತೀರ್ಮಾನಿಸಿದ್ದರು. ಹೊಸದಾಗಿ ಸ್ಟುಡಿಯೋ ತೆರೆದಿದ್ದ ಶಂಭುವಿಗೆ ಆ ಕೆಲಸ ಸಿಕ್ಕಿತ್ತು.

ಅಷ್ಟರಲ್ಲಿ ವರದಾಳ ಚಿಕ್ಕಪ್ಪ ಜಟ್ಟಿಂಗಪ್ಪ ದಾಪುಗಾಲು ಹಾಕುತ್ತ ಬಂದ. ಅವನು ಮಂಡಿಯಲ್ಲಿ ರೈಟರು. ಶರ್ಟಿನ ಜೇಬಿನಲ್ಲಿ ಎರಡು ಪೆನ್ನು, ಮುಖದ ಮೇಲೆ ಇಡೀ ಪೇಟೆಯ ಮರ್ಯಾದೆ ತನ್ನದೇ ಹೆಗಲ ಮೇಲಿದೆ ಎನ್ನುವ ಗತ್ತು.

"ಏಯ್ ವರದಾ, ಏಳು! ಒಳಗೆ ನಡಿ. ಕ್ಯಾಲೆಂಡರ್ ಊರೂರಿಗೆ ಹೋಗ್ತದೆ. ಇಷ್ಟು ಗಂಡಸರ ನಡುವೆ ನೀನೊಬ್ಬಳು ಕೂತಿರೋದು ಚಂದವಾ?"

"ನಾನು ಕೂತಿರೋದು ಅಪ್ಪನ ಮಿಶನ್ ಮುಂದೆ ಚಿಕ್ಕಪ್ಪ. ಚಂದ ಕಾಣದಿದ್ರೆ ಫೋಟೋದೋರು ಕಣ್ಣು ಮುಚ್ಕೊಳ್ಳಲಿ."

ಅವಳ ಅಪ್ಪ ಶೇಷಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಿಥಿ ಮುಗಿದ ಮಾರನೆಯ ದಿನವೇ ವರದಾ ಅಂಗಡಿಯ ಬಾಗಿಲು ತೆಗೆದು ಅಪ್ಪನ ಸ್ಟೂಲಿನ ಮೇಲೆ ಕೂತಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ನಾಲ್ಕು ದಿನ ಕೂತು ಎದ್ದು ಹೋಗುತ್ತಾಳೆ ಎಂದು ಪೇಟೆಯೆಲ್ಲ ನಕ್ಕಿತ್ತು. ಅವಳು ಏಳಲಿಲ್ಲ. ಇವತ್ತೂ ಏಳಲಿಲ್ಲ!

ಕೊರಳಲ್ಲಿ ಅಳತೆ ಟೇಪು, ಬೆನ್ನ ಮೇಲೆ ಉದ್ದ ಜಡೆ, ನೆಟ್ಟ ನೋಟ. ಸೋತ ಜಟ್ಟಿಂಗಪ್ಪ ತಾನೂ ಫೋಟೋದಲ್ಲಿ ಬರಲೆಂದು ಅಂಗಡಿಯ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತ.

ಟಕ್!

* * *

ಹದಿನೈದು ದಿನಕ್ಕೆ ಆ ಫೋಟೋ ದೊಡ್ಡದಾಗಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ತೂಗಿತು. ಜನವೋ ಜನ! "ಅಲ್ನೋಡು, ನನ್ನ ಸೈಕಲ್ಲು!" "ನಮ್ಮಂಗಡಿ ಬೋರ್ಡು ಅರ್ಧ ಕಟ್ಟಾಗಿದೆ ಮಾರಾಯಾ!"

ಮಧ್ಯಾಹ್ನ ಪೇಟೆ ಊಟಕ್ಕೆ ಹೋದ ಹೊತ್ತು ನೋಡಿ ವರದಾ ಬಂದಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ನಲವತ್ತು ಐವತ್ತು ಗಂಡಸರು, ಗಾಡಿ, ಬಸ್ಸು, ಬೋರ್ಡು... ಎಡಗಡೆ ಹತ್ತಿರದಲ್ಲಿ, ಮಿಶನ್ನಿನ ಹಿಂದೆ, ಒಬ್ಬಳೇ ಹೆಂಗಸು. ತಾನು!

ಅವಳ ಕಣ್ಣು ಯಾಕೋ ತುಂಬಿತು. 'ಅಪ್ಪಾ... ನಿನ್ನ ಜಾಗ ಬಿಟ್ಟುಕೊಟ್ಟಿಲ್ಲ, ನೋಡು.'

"ಚೆನ್ನಾಗಿ ಬಂದಿದೆ, ಅಲ್ವಾ?" ಹಿಂದಿನಿಂದ ದನಿ ಬಂತು. ಶಂಭು! "ನೀವು ಏಳ್ತೀರಿ ಅಂತ ನಂಗೂ ಒಂದು ಕ್ಷಣ ಅನ್ನಿಸಿತ್ತು."

"ಎದ್ದಿದ್ರೆ?"

"ಈ ಫೋಟೋ ಇಲ್ಲಿ ಇರ್ತಿರಲಿಲ್ಲ. ಅದರಲ್ಲಿ ನೋಡೋಕೆ ಏನೂ ಇರ್ತಿರಲಿಲ್ಲ."

"ಪ್ಯಾಂಟಿಗೆ ತೇಪೆ ಹಾಕಿಸ್ಕೊಳ್ಳಿ" ಎಂದಷ್ಟೇ ಹೇಳಿ ವರದಾ ಬಿರಬಿರನೆ ನಡೆದುಬಿಟ್ಟಳು.

ಅವನು ಮಾರನೆಯ ದಿನವೇ ಬಂದ. ಪ್ಯಾಂಟಿನ ಜೊತೆ ಅಂಗಿಯ ಬಟ್ಟೆಯೂ ಇತ್ತು.

ವರದಾಳ ಅಂಗಡಿಗೆ ಒಂದು ಕಟ್ಟುಪಾಡಿತ್ತು. ಹೆಂಗಸರಿಗೆ ಪರದೆಯ ಹಿಂದೆ ನಿಲ್ಲಿಸಿ ಟೇಪಿನಲ್ಲಿ ಅಳತೆ. ಗಂಡಸರು ಮಾತ್ರ ಮೈಗೆ ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ತಂದು ಕೊಡಬೇಕು. ಅದು ಅಳತೆ ಅಂಗಿ. ಅದನ್ನು ಹಾಸಿಕೊಂಡು ಅವಳು ಹೊಸದನ್ನು ಕತ್ತರಿಸುತ್ತಿದ್ದಳು. ಅಮ್ಮ ಗುತ್ಯಮ್ಮ ಅಂಗಡಿ ನಡೆಸಲು ಒಪ್ಪಿದ್ದೇ ಈ ಷರತ್ತಿನ ಮೇಲೆ.

ಶಂಭು ತಂದ ಅಳತೆ ಅಂಗಿಯ ಪ್ರಕಾರ ಹೊಲಿದಳು. ಹಾಕಿಕೊಂಡು ಬಂದ ಅವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಗಿಯೊಳಗೆ ಇನ್ನೊಬ್ಬ ಶಂಭು ಹಿಡಿಸುತ್ತಿದ್ದ!

"ಅಳತೆ ಅಂಗಿ ಯಾರದು ಮಾರಾಯ್ರೇ?"

"ಅಣ್ಣಂದು. ನಮ್ಮೂರು ಅರಳಸುರಳಿಯಿಂದ ಬರೋವಾಗ ಅವನ ಅಂಗಿಗಳನ್ನೇ ತಂದಿದ್ದು. ನನಗೆ ಅಂತ ಸರಿಯಾಗಿ ಕೂರೋ ಅಂಗಿ ಒಂದೂ ಇಲ್ಲ." ಸ್ವಲ್ಪ ತಡೆದು ಕಳ್ಳನಗೆ ನಕ್ಕ. "ಟೇಪು ಹಿಡಿದು ಅಳೆದಿದ್ರೆ ಹೀಗಾಗ್ತಿರಲಿಲ್ಲ..."

"ಆಸೆ ನೋಡು!"

ಬೈದಳು ನಿಜ. ಆದರೆ ಅವನು ಹೋದ ಮೇಲೆ ಹಿಂದಿನ ಗೋಡೆಯ ದೊಡ್ಡ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಕೆಂಪಾಗಿತ್ತು. 'ಥೂ, ಏನಾಯ್ತು ನಿಂಗೆ ವರದಾ...'

* * *

ಅಂಥ ಹೊತ್ತಿನಲ್ಲೇ ಆ ನೋಟೀಸು ಬಂತು.

ಪೇಟೆ ಬೀದಿ ಅಗಲವಾಗುತ್ತದೆ. ವರದಾಳದ್ದೂ ಸೇರಿ ಎಡಗಡೆಯ ಅಂಗಡಿಗಳೆಲ್ಲ ಹೋಗುತ್ತವೆ. ಬದಲಿಗೆ ಪುರಸಭೆಯವರು ಹೊಸ ಸಾಲಿನಲ್ಲಿ ಮಳಿಗೆ ಕೊಡುತ್ತಾರೆ, ಆದರೆ ಯಾರು ಖುದ್ದಾಗಿ ಅಂಗಡಿಯಲ್ಲಿ ಕೂತು ನಡೆಸುತ್ತಿದ್ದಾರೋ ಅವರ ಹೆಸರಿಗೆ ಮಾತ್ರ. ಲೈಸೆನ್ಸು ಇನ್ನೂ ಸತ್ತ ಶೇಷಪ್ಪನ ಹೆಸರಿನಲ್ಲೇ ಇತ್ತು.

"ನೀನೇನೂ ತಲೆ ಕೆಡಿಸ್ಕೋಬೇಡ. ನಾನೇ ನಡೆಸ್ತಿದ್ದೀನಿ ಅಂತ ಅರ್ಜಿ ಕೊಟ್ಟಾಗಿದೆ" ಎಂದ ಜಟ್ಟಿಂಗಪ್ಪ ಆರಾಮಾಗಿ. "ನೀನು ಮದುವೆಯಾಗಿ ಹೋಗೋಳು. ಮಳಿಗೆ ನಿಂಗ್ಯಾಕೆ?"

ವರದಾಳ ಮೈ ಉರಿದುಹೋಯಿತು! ಎರಡು ವರ್ಷದಲ್ಲಿ ಒಂದು ಗುಂಡಿ ಹೊಲಿದವನಲ್ಲ, ಒಂದು ದಿನ ಬಾಗಿಲು ತೆಗೆದವನಲ್ಲ!

"ಆ ಸ್ಟೂಲಿನ ಮೇಲೆ ಯಾರು ಕೂತಿದ್ರು ಅಂತ ಇಡೀ ಪೇಟೆಗೆ ಗೊತ್ತು ಚಿಕ್ಕಪ್ಪ."

"ಪೇಟೆಯೋರು ಬಂದು ಹೇಳ್ತಾರಾ? ಕೇಳ್ನೋಡು."

ಕೇಳಿದಳು. ಪಾತ್ರೆ ಅಂಗಡಿಯವರು ನೆಲ ನೋಡಿದರು. ದಿನಾ ನಗುವ ಕನ್ನಪ್ಪ ಸೋಡಾ ಬಾಟಲಿ ಒರೆಸುತ್ತ, "ಮನೆ ಜಗಳ ಮಗಾ... ನಾವು ಮಧ್ಯ ಬರೋದು ಸರಿಯಲ್ಲ" ಎಂದ.

ಆಗಲೇ ಅವಳಿಗೆ ನೆನಪಾಯಿತು. ಫೋಟೋ! ಫೋಟೋ ಯಾರ ಮುಲಾಜೂ ನೋಡುವುದಿಲ್ಲ!

ಕತ್ತರಿಯನ್ನು ಹಾಗೇ ಬಿಟ್ಟು ಸ್ಟುಡಿಯೋಗೆ ಓಡಿದಳು. ಕಿಟಕಿಯ ಮುಂದೆ ನಿಂತಳು.

ಸೋಡಾ ಅಂಗಡಿ ಇತ್ತು. ಗಾಡಿಗಳಿದ್ದವು. ಬಸ್ಸಿತ್ತು. ಮೆಟ್ಟಿಲ ಮೇಲೆ ಜಟ್ಟಿಂಗಪ್ಪ ಗತ್ತಿನಿಂದ ನಿಂತಿದ್ದ. ಅವನ ಹಿಂದೆ ಮಿಶನ್ನೂ ಇತ್ತು.

ಮಿಶನ್ನಿನ ಹಿಂದೆ... ಯಾರೂ ಇರಲಿಲ್ಲ. ಬರೀ ಕತ್ತಲೆ.

"ಶಂಭು!"

ಅವನು ಒಳಗಿನಿಂದ ಬಂದ. ಅವಳ ಮುಖ ನೋಡಿದವನ ಕಾಲು ಅಲ್ಲೇ ನಿಂತಿತು.

"ನಾನೆಲ್ಲಿ?"

"ವರದಾ, ಅದು..."

"ನಾನೆಲ್ಲಿ ಅಂತ ಕೇಳ್ದೆ!"

"ಕೆರೆದೆ." ಅವನ ದನಿ ತಗ್ಗಿತು. "ನೆಗೆಟಿವ್ ಮೇಲೆ ಬ್ಲೇಡಿನಿಂದ ಕೆರೆದ್ರೆ ಆ ಜಾಗ ಪ್ರಿಂಟಲ್ಲಿ ಕಪ್ಪಾಗತ್ತೆ. ಹೋದ ಶುಕ್ರವಾರ ನಿಮ್ಮಮ್ಮ ಬಂದಿದ್ರು. ಹೊಸನಗರದ ಸಂಬಂಧದೋರು ಈ ಫೋಟೋ ನೋಡಿ ಹಿಂದೆ ಸರಿದ್ರಂತೆ. ನನ್ನ ಮಗಳ ಬಾಳು ಹಾಳಾಯ್ತು ಅಂತ ಕೈಮುಗಿದು ಅತ್ರು. ನಂಗೆ ತಡೆಯೋಕಾಗಲಿಲ್ಲ. ಕಿಟಕೀಲಿದ್ದ ಮೊದಲಿನ ಪ್ರಿಂಟೂ ಅವರಿಗೇ ಕೊಟ್ಟೆ. ನಿಮಗೆ ಒಳ್ಳೇದಾಗ್ಲಿ ಅಂತ..."

"ಚಿಕ್ಕಪ್ಪ ಏನು ಕೊಟ್ಟ ಇದಕ್ಕೆ?"

"ದೇವರಾಣೆ, ಅವರು ಇತ್ತ ಬಂದಿಲ್ಲ!"

"ಅಮ್ಮ ಕೇಳಿದ್ಲು, ನೀವು ಕೆರೆದ್ರಿ. ಅಮ್ಮನ ಕಣ್ಣೀರು ಕಾಣಿಸ್ತು. ಫೋಟೋದಲ್ಲಿದ್ದೋಳು ನಾನು. ನನ್ನನ್ನ ಕೇಳಿದ್ರಾ?"

ವರದಾ ಕಿಟಕಿಯ ಫೋಟೋದತ್ತ ಬೆರಳು ಮಾಡಿದಳು.

"ನಾನು ಎದ್ದಿದ್ರೆ ಅದರಲ್ಲಿ ನೋಡೋಕೆ ಏನೂ ಇರ್ತಿರಲಿಲ್ಲ ಅಂದ್ರಲ್ಲ... ಚಿಕ್ಕಪ್ಪ ಬೈದಾಗ್ಲೂ ನಾನು ಏಳಲಿಲ್ಲ. ನೀವು ಒಂದು ಬ್ಲೇಡು ಹಿಡಿದು ಎಬ್ಬಿಸಿಬಿಟ್ರಿ."

ಮಳಿಗೆಯ ವಿಷಯವನ್ನು ಎರಡೇ ಮಾತಿನಲ್ಲಿ ಹೇಳಿ ಹೊರಟುಬಿಟ್ಟಳು. ಬರುವ ಶುಕ್ರವಾರ ಪುರಸಭೆಯಲ್ಲಿ ವಿಚಾರಣೆ. ಇದ್ದ ಒಂದೇ ಸಾಕ್ಷಿ ಇವನ ಕೈಯಾರೆ ಹೋಗಿತ್ತು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ಮಳಿಗೆಗಾಗಿ ಸ್ವಲ್ಪ... ಅವನಿಗಾಗಿ ಬಹಳ.

ಗುತ್ಯಮ್ಮ ಬಾಗಿಲ ಹೊರಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. "ಜಟ್ಟಿಂಗನೇ ನನ್ನ ಕಳಿಸಿದ್ದು ಮಗಾ. ಮಳಿಗೆ ವಿಷಯ ನಂಗೆ ಗೊತ್ತಿರಲಿಲ್ಲ. ಆ ಹುಡುಗ ಕೊಟ್ಟ ಫೋಟೋನ ಬಚ್ಚಲ ಒಲೆಗೆ ಹಾಕ್ಬಿಟ್ಟೆ... ನನ್ನ ಕೈಯಾರೆ ನಿನ್ನನ್ನ ಒಲೆಗೆ ಹಾಕ್ಬಿಟ್ಟೆ!"

* * *

ಶುಕ್ರವಾರ ಪುರಸಭೆ ಕಚೇರಿಯ ಜಗಲಿಯಲ್ಲಿ ಪೇಟೆಯ ಅರ್ಧ ಜನ ಸೇರಿದ್ದರು. ಒಳಗೆ ಮೇಜಿನ ಹಿಂದೆ ಸಾಹೇಬರು. ವರದಾ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದಳು. ಸೋಲುವುದಾದರೂ ಟೈಲರಾಗಿಯೇ ಸೋಲುತ್ತೇನೆ ಎಂದು ಹಟ!

ಜಟ್ಟಿಂಗಪ್ಪ ಫೋಟೋವನ್ನು ಮೇಜಿನ ಮೇಲೆ ಹರಡಿದ.

"ನೋಡಿ ಸಾಹೇಬ್ರೇ. ಅಂಗಡಿ ಮೆಟ್ಟಿಲ ಮೇಲೆ ನಿಂತೋನು ನಾನು. ಒಳಗೆ ಯಾರಿದ್ದಾರೆ? ಯಾರೂ ಇಲ್ಲ. ನಮ್ಮ ಹುಡುಗಿ ಮನೇಲಿ ಕೂತು ಕಾಜ ಗುಂಡಿ ಮಾಡ್ಕೊಡ್ತಾಳೆ, ಅಷ್ಟೇ."

"ಏನಮ್ಮಾ, ನಿನ್ನ ಹತ್ರ ಏನಿದೆ?"

ವರದಾ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಗದ್ದಲವಾಯಿತು. ಜನರನ್ನು ಸರಿಸಿಕೊಂಡು ಶಂಭು ಒಳಗೆ ಬಂದ. ಮೈಮೇಲೆ ಅದೇ ದೊಗಳೆ ಅಂಗಿ.

"ಆ ಫೋಟೋ ಸುಳ್ಳು ಹೇಳ್ತಿದೆ ಸಾರ್. ಸುಳ್ಳು ಹೇಳಿಸಿದ್ದು ನಾನು." ನೆಗೆಟಿವ್ ತೆಗೆದು ಮೇಜಿನ ಮೇಲಿಟ್ಟ. "ಬೆಳಕಿಗೆ ಹಿಡಿದು ನೋಡಿ, ಕೆರೆದ ಗುರುತು ಕಾಣತ್ತೆ. ಅಲ್ಲಿ ಇವರು ಕೂತಿದ್ರು. ಇವರನ್ನ ಒಂದು ಮಾತು ಕೇಳದೆ ನಾನು ಅಳಿಸ್ದೆ."

"ಸಾಹೇಬ್ರೇ, ಇವನಿಗೆ ನಮ್ಮ ಹುಡುಗಿ ಮೇಲೆ ಕಣ್ಣು! ಅದಕ್ಕೇ ಕಥೆ ಕಟ್ತಿದ್ದಾನೆ!"

ಜಗಲಿ ಗುಸುಗುಸು ಎಂದಿತು. ವರದಾ ತುಟಿ ಕಚ್ಚಿದಳು. 'ಈಗ ಇಲ್ಲ ಅನ್ನುತ್ತಾನೆ. ಎಲ್ಲರೂ ಇಲ್ಲ ಎಂದೇ ಅನ್ನುವುದು...'

"ಮನಸ್ಸಿದೆ" ಎಂದ ಶಂಭು, ಎಲ್ಲರಿಗೂ ಕೇಳುವ ಹಾಗೆ. "ಮುಚ್ಚಿಡೋಕೆ ಏನಿದೆ? ಆದ್ರೆ ಅದಕ್ಕೆ ಬಂದಿಲ್ಲ. ನನ್ನ ತಪ್ಪು ಹೇಳೋಕೆ ಬಂದಿದ್ದೀನಿ. ಕ್ಯಾಲೆಂಡರ್ ಕೆಲಸ ಹೋದ್ರೂ ಹೋಗ್ಲಿ."

ಆದರೂ ವರದಾ ಮುಖ ಸಡಿಲಿಸಲಿಲ್ಲ.

ಸಾಹೇಬರು ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದರು. "ಕೆರೆದಿರೋದು ನಿಜ. ಆದ್ರೆ ಅಲ್ಲಿದ್ದೋರು ಯಾರು ಅಂತ ಹೇಗೆ ಹೇಳೋದು? ನಿನ್ನ ಮಾತು ಒಂದೇ ಸಾಲಲ್ಲಪ್ಪಾ."

ಜಟ್ಟಿಂಗಪ್ಪನ ಮುಖ ಅರಳಿತು.

ವರದಾ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ದಿನ ಸ್ಟುಡಿಯೋದ ಮುಂದೆ ಸಿಟ್ಟಿನಲ್ಲಿ ತನ್ನ ಖಾಲಿ ಜಾಗವನ್ನಷ್ಟೇ ನೋಡಿದ್ದಳು. ಈಗ ಅಂಗಡಿಯನ್ನು ನೋಡಿದಳು. ಮಿಶನ್ನು... ಪರದೆ... ಹಿಂದಿನ ಗೋಡೆ... ಗೋಡೆಯ ಮೇಲೆ ಗಿರಾಕಿಗಳಿಗೆಂದು ಅಪ್ಪ ತೂಗುಹಾಕಿದ ದೊಡ್ಡ ಕನ್ನಡಿ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅವಳು ಒರೆಸುವ ಕನ್ನಡಿ!

ಅವಳು ಮೇಜಿನ ಮೇಲೆ ಬಗ್ಗಿದಳು.

ತಲೆ ಎತ್ತದೆಯೇ ಶಂಭುವಿನ ಕಡೆ ಕೈ ಚಾಚಿದಳು. "ಭೂತಗನ್ನಡಿ ಇದೆಯಾ?"

ನಾಲ್ಕು ದಿನದಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು. ಅವನು ಜೇಬಿನಿಂದ ತೆಗೆದು ಅವಳ ಅಂಗೈಗೆ ಇಟ್ಟ.

"ಸಾಹೇಬ್ರೇ, ಹಿಂದಿನ ಗೋಡೆ ಕನ್ನಡಿ ನೋಡಿ."

ಸಾಹೇಬರು ಬಗ್ಗಿದರು. ಬಹಳ ಹೊತ್ತು ನೋಡಿದರು. ಕನ್ನಡಿಯಲ್ಲಿ ಬೀದಿಯ ಬೆಳಕು ಬಿದ್ದಿತ್ತು. ಆ ಬೆಳಕಿಗೆ ಅಡ್ಡವಾಗಿ ಒಂದು ಬೆನ್ನು. ನೆಟ್ಟಗೆ ಕೂತ ಹೆಂಗಸಿನ ಬೆನ್ನು. ಅದರ ಮೇಲೆ ಉದ್ದ ಜಡೆ. ಕತ್ತಿನ ಹಿಂದೆ ಹಾದುಹೋದ ಅಳತೆ ಟೇಪು.

ಶಂಭು ಅವಳನ್ನು ಕೆರೆದಿದ್ದ. ಅವಳ ಬಿಂಬ ಅವನ ಕಣ್ಣಿಗೇ ಬಿದ್ದಿರಲಿಲ್ಲ!

"ಅದು... ಅದು ಯಾರೋ ಗಿರಾಕಿ!" ಎಂದ ಜಟ್ಟಿಂಗಪ್ಪ.

ವರದಾ ಅವನ ಕಡೆ ತಿರುಗಿದಳು. "ಗಿರಾಕಿ ಟೈಲರಿನ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂರ್ತಾಳಾ ಚಿಕ್ಕಪ್ಪ? ಕೊರಳಿಗೆ ಟೇಪು ಹಾಕ್ಕೊಂಡು ಕೂರ್ತಾಳಾ?" ಬೆನ್ನು ತಿರುಗಿಸಿ ನಿಂತಳು. ಜಡೆ, ಟೇಪು. "ನೋಡಿ ಸಾಹೇಬ್ರೇ. ಎಲ್ಲರೂ ನೋಡಿ!"

ಜಗಲಿಯಿಂದ ಕನ್ನಪ್ಪ ಕೆಮ್ಮುತ್ತ ಮುಂದೆ ಬಂದ. ಕಣ್ಣು ಒದ್ದೆಯಾಗಿತ್ತು.

"ಅವಳೇ ಸಾರ್. ಎರಡು ವರ್ಷದಿಂದ ಅವಳೇ. ನಾನು ಹಾಕ್ಕೊಂಡಿರೋ ಅಂಗೀನೂ ಅವಳೇ ಹೊಲಿದದ್ದು. ಮೊನ್ನೆ ಕೇಳಿದಾಗ ಹೇಳದೆ ಇದ್ದಿದ್ದಕ್ಕೆ ನಾಚಿಕೆ ಆಗ್ತದೆ." ಹಿಂದಿನಿಂದ ಪಾತ್ರೆ ಅಂಗಡಿಯವರ ದನಿ, "ಹೌದು ಸಾರ್, ಅವಳೇ!" ಮತ್ತೊಂದು, ಇನ್ನೊಂದು...

ಸಾಹೇಬರು ಪೆನ್ನು ತೆಗೆದರು. "ಹೆಸರು ಹೇಳಮ್ಮಾ."

"ವರದಾ. ಟೈಲರ್ ಶೇಷಪ್ಪನ ಮಗಳು, ಟೈಲರ್ ವರದಾ."

* * *

ದೀಪಾವಳಿಯ ಹೊತ್ತಿಗೆ ಹಳೆಯ ಸಾಲು ನೆಲಕ್ಕೆ ಬಿದ್ದಿತ್ತು. ಹೊಸ ಮಳಿಗೆಯಲ್ಲಿ ಮೊದಲು ಗೋಡೆಗೇರಿದ್ದು ಅಪ್ಪನ ಕನ್ನಡಿ. ಜಟ್ಟಿಂಗಪ್ಪ ಈಗ ಮಂಡಿಗೆ ಸುತ್ತುಬಳಸಿನ ದಾರಿಯಲ್ಲಿ ಹೋಗುತ್ತಿದ್ದ.

ಶಂಭು ಬರಲಿಲ್ಲ. ಒಂದು ವಾರ... ಎರಡು ವಾರ...

'ಎಲ್ಲರೆದುರು ಮನಸ್ಸಿದೆ ಅಂದವನು ಈಗ ಎಲ್ಲಿ ಅಡಗಿದ್ದಾನೆ!' ತಡೆಯಲಾಗದೆ ಒಂದು ಮಧ್ಯಾಹ್ನ ಸ್ಟುಡಿಯೋ ಕಡೆ ಹೋದಳು.

ಕಿಟಕಿಯಲ್ಲಿ ಅದೇ ಫೋಟೋ ಇತ್ತು. ಖಾಲಿ ಜಾಗದ ಫೋಟೋ. ಅದರ ಕೆಳಗೆ ಬಿಳಿ ರಟ್ಟಿನ ಮೇಲೆ ದುಂಡಗೆ ಬರೆದಿತ್ತು: 'ಇಲ್ಲಿ ಟೈಲರ್ ವರದಾ ಕೂತಿದ್ದರು. ಅಳಿಸಿದವನು ನಾನು. ಶಂಭು.'

ಅದನ್ನು ಓದಿ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಊರಿಗೆ ಊರೇ ಓದುವ ಹಾಗೆ ತನ್ನ ತಪ್ಪನ್ನು ತೂಗುಹಾಕಿಕೊಂಡು ಕೂತಿದ್ದಾನಲ್ಲ, ಹುಚ್ಚ! ಆ ಫೋಟೋ ಮತ್ತು ಆ ರಟ್ಟು ಇವತ್ತಿಗೂ ಒಂದು ಮನೆಯಲ್ಲಿವೆ. ಹಳೆಯ ಪೇಟೆ ಬೀದಿಯ ಚಿತ್ರ ಅಂತ ಉಳಿದಿರುವುದು ಅದೊಂದೇ. ಯಾವ ಮನೆ ಎಂದು ಕೇಳುತ್ತೀರಾ? ಮುಂದೆ ಓದಿ.

ಮಾರನೆಯ ದಿನ ಸಂತೆ. ಬೀದಿ ತುಂಬ ಜನ. ಶಂಭು ಮಳಿಗೆಯ ಮೆಟ್ಟಿಲ ಕೆಳಗೆ ಬಂದು ನಿಂತ. ಕೈಯಲ್ಲಿ ಬಿಳಿ ಬಟ್ಟೆಯ ಒಂದು ತುಂಡು.

"ಅಂಗಿ ಹೊಲಿಸ್ಬೇಕು."

"ಅಳತೆ ಅಂಗಿ ಎಲ್ಲಿ?"

"ಇಲ್ಲ." ಅವನು ಉಸಿರೆಳೆದುಕೊಂಡ. "ವರದಾ, ಆವತ್ತು ಕೇಳಲಿಲ್ಲ. ಇವತ್ತು ಕೇಳೋಕೆ ಬಂದಿದ್ದೀನಿ. ನನ್ನ ಮದುವೆ ಆಗ್ತೀರಾ? ಅಂಗಡಿ ನಿಮ್ಮದೇ, ಹೆಸರೂ ನಿಮ್ಮದೇ. ಆಗಲ್ಲ ಅಂದ್ರೆ ಈ ಬಟ್ಟೆ ತಗೊಂಡು ವಾಪಸ್ ಹೋಗ್ತೀನಿ."

"ಅಮ್ಮನ್ನ ಕೇಳಿದ್ರಾ?"

"ಇಲ್ಲ. ಮೊದಲು ನಿಮ್ಮನ್ನ."

ವರದಾಳ ಕಣ್ಣು ತುಂಬಿ ಬಂತು. ಆದರೂ ಗದರಿದಳು, "ಬಿಸಿಲಲ್ಲಿ ಎಂತಕ್ಕೆ ನಿಂತಿದ್ದೀರಿ? ಮೇಲೆ ಬನ್ನಿ."

ಅವನು ಮೆಟ್ಟಿಲು ಹತ್ತಿ ಬಂದ. ಅವಳು ಸ್ಟೂಲಿನಿಂದ ಎದ್ದಳು. ಯಾರು ಬೈದರೂ ಏಳದವಳು ತಾನಾಗಿ ಎದ್ದಳು! ಕೊರಳಿನ ಟೇಪು ತೆಗೆದಳು. ಹೊಸ ಸಾಲಿನಲ್ಲೂ ಪಕ್ಕದವನೇ ಆಗಿದ್ದ ಕನ್ನಪ್ಪನ ಕೈಯಲ್ಲಿದ್ದ ಸೋಡಾ ಬಾಟಲಿ ಹಾಗೇ ನಿಂತಿತು. ಪಾತ್ರೆ ಅಂಗಡಿಯ ಕುಟ್ಟಾಟ ನಿಂತಿತು. ಮೂಲೆಯಲ್ಲಿ ಕಾಜ ಹಾಕುತ್ತಿದ್ದ ಗುತ್ಯಮ್ಮ ಕಣ್ಣೊರೆಸಿಕೊಂಡು ಬೇಕೆಂದೇ ಸೂಜಿಗೆ ದಾರ ಪೋಣಿಸತೊಡಗಿದಳು.

ತುಂಬಿದ ಸಂತೆ ಬೀದಿಯ ಎದುರಿಗೆ, ಪರದೆ ಎಳೆಯದೆ, ವರದಾ ಅವನ ಹೆಗಲ ಮೇಲೆ ಟೇಪು ಇಟ್ಟಳು.

"ವರದಾ... ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ಅಲ್ಲಾಡಬೇಡಿ."

"ಎಷ್ಟು ಹೊತ್ತು?"

ಅವಳು ಟೇಪಿನ ತುದಿಯನ್ನು ಅವನ ಎದೆಯ ಮೇಲೆ ಒತ್ತಿ ಹಿಡಿದಳು. ಅವನ ಎದೆ ಬಡಿದುಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು.

"ನಾನು ಸಾಕು ಅನ್ನೋ ತನಕ" ಎಂದಳು ವರದಾ. "ಮತ್ತೆ ನಾನು ಸಾಕು ಅನ್ನೋಳಲ್ಲ. ಯೋಚನೆ ಮಾಡಿ ನಿಂತ್ಕೊಳ್ಳಿ."

ಅವನು ನಿಂತ.